ಮಹಿಷಾಸುರ ಬಂದದ್ದು ಎಷ್ಟು ಗಂಟೆಗೆ?

ಮಂಗಳೂರಿನ ಒಂದು ಮನೆಗೆ ರಾತ್ರಿ 10.15ರ ಸುಮಾರಿಗೆ ನುಗ್ಗಿದವನು ಯಜಮಾನರನ್ನು ಇರಿದು ಕೊಂದು ಚಿನ್ನ ದೋಚಿದ ಎಂದಿಟ್ಟುಕೊಳ್ಳಿ. ‘ಗೇಟು ಹಾರಿ ಓಡಿದವನು ಇವನೇ’ ಎನ್ನುತ್ತಾರೆ ನೆರೆಮನೆಯವರು. ‘ನಾನು ಆಗ ಕಾಪುವಿನಲ್ಲಿ ಯಕ್ಷಗಾನದ ಆಟ ನೋಡುತ್ತಿದ್ದೆ’ ಎನ್ನುತ್ತಾನೆ ಆರೋಪಿ. ಎರಡೂ ಮಾತನ್ನು ಒಂದೇ ತಕ್ಕಡಿಗೆ ಹಾಕಿ ತೂಗಲು ಹೊರಟರೆ ಅಲ್ಲಿಗೇ ದಾರಿ ತಪ್ಪಿತು. ಆರೋಪಿ ಸ್ಥಳದಲ್ಲಿದ್ದ ಎಂಬುದನ್ನು ಮೊದಲು ಪ್ರಾಸಿಕ್ಯೂಷನ್ ತನ್ನ ಕಾಲ ಮೇಲೆ ನಿಂತು ಸಾಬೀತು ಮಾಡಬೇಕು. ‘ನಾನು ಬೇರೆಡೆ ಇದ್ದೆ’ ಎಂಬ ವಾದದ, ಅಂದರೆ ಅಲಿಬಿಯ, ಸರದಿ ಬರುವುದು ಆಮೇಲೆ. ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮವೂ ಇದೇ.

ಹಾಗಾಗಿ ಮೊದಲು ನೆರೆಯವರ ಕಣ್ಣು. ಎಷ್ಟು ದೂರದಿಂದ, ಎಷ್ಟು ಸೆಕೆಂಡು ಕಂಡರು? ಮುಖವೋ, ಬೆನ್ನೋ? ಸ್ಥಳ ಮಹಜರಿನ ನಕ್ಷೆಯಲ್ಲಿ ದಾರಿದೀಪದ ಕಂಬ ಗುರುತಿಸಿದ್ದಾರೆಯೇ? ಆ ಹೊತ್ತಿಗೆ ಕರೆಂಟ್ ಇತ್ತೆಂದು ವಿದ್ಯುತ್ ಸಂಸ್ಥೆ ಮೆಸ್ಕಾಂನಿಂದ ಪತ್ರ ತಂದಿದ್ದಾರೆಯೇ? ಮೇ ತಿಂಗಳ ಗುಡುಗು ಮಳೆಯ ರಾತ್ರಿಯಾದರೆ ಈ ಒಂದು ಹಾಳೆ ಇಲ್ಲದೆ ಇಡೀ ಸಾಕ್ಷ್ಯ ಅಲ್ಲಾಡುತ್ತದೆ. ಕೈಯಲ್ಲಿ ಚೂರಿ ಕಂಡವರ ಕಣ್ಣು ಚೂರಿಯ ಮೇಲೇ ನೆಡುವುದು ಸಹಜ. ಮುಖ ಮಸುಕಾಗಿ ಉಳಿಯುತ್ತದೆ.

ಆರೋಪಿ ಮೊದಲೇ ಪರಿಚಿತನಾಗಿದ್ದರೆ ಗುರುತು ಪತ್ತೆ ಪರೇಡ್ ಬೇಕಿಲ್ಲ, ಆದರೆ ಮೊದಲ ಹೇಳಿಕೆಯಲ್ಲೇ ಅವನ ಹೆಸರಿರಬೇಕು. ನಾಲ್ಕು ದಿನ ಬಿಟ್ಟು ಹೆಸರು ಬಂದಿದ್ದರೆ ಪಾಟೀ ಸವಾಲಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಅಪರಿಚಿತನಾದರೆ, ಬಂಧಿಸಿದ ಕ್ಷಣದಿಂದ ಮುಖ ಮುಚ್ಚಿಟ್ಟು, ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಎದುರು, ಅವನನ್ನೇ ಹೋಲುವವರ ನಡುವೆ ನಿಲ್ಲಿಸಬೇಕು. ಅಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಹರಿದಾಡಿದ್ದರೆ ಪರೇಡ್ ನಡೆಸಿಯೂ ಪ್ರಯೋಜನವಿಲ್ಲ. ಸಾಕ್ಷಿ ಗುರುತಿಸುವುದು ಫೋಟೊದಲ್ಲಿದ್ದವನನ್ನು. ಪರೇಡ್ ಸರಿಯಾಗಿ ನಡೆದರೂ ಅದು ಕೋರ್ಟಿನಲ್ಲಿ ಗುರುತಿಸಿದ್ದಕ್ಕೆ ಬಲ ಕೊಡುತ್ತದೆಯೇ ಹೊರತು ತಾನೇ ಆಧಾರವಾಗದು.

ಇಷ್ಟರಲ್ಲೇ ಸಾಕ್ಷ್ಯ ಬಿದ್ದರೆ ಕಾಪುವಿನ ತನಕ ಹೋಗುವ ಅಗತ್ಯವೇ ಇಲ್ಲ. ನಿಂತರೆ ಮಾತ್ರ ಆಟದ ಬಯಲಿಗೆ ಹೋಗಬೇಕು. ಅಲ್ಲಿ ಸಾಬೀತು ಮಾಡುವ ಹೊಣೆ ಆರೋಪಿಯದು, ಭಾರತೀಯ ಸಾಕ್ಷ್ಯ ಅಧಿನಿಯಮದ 106ನೇ ಕಲಮಿನಂತೆ.

ಗೆಳೆಯನೊಬ್ಬ ಬಂದು ‘ರಾತ್ರಿ ಇಡೀ ಜತೆಗಿದ್ದ’ ಎನ್ನುತ್ತಾನೆ. ಇದರಿಂದ ಏನೂ ಆಗದು. ಆಗ ರಂಗಸ್ಥಳದಲ್ಲಿ ಯಾವ ವೇಷವಿತ್ತು ಎಂದು ಕೇಳಬೇಕು. ‘ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವಾಗ ಪಕ್ಕದಲ್ಲೇ ನಿಂತಿದ್ದ’ ಎಂದರೆ ಒಂದು ಗಳಿಗೆ ಕೈಗೆ ಸಿಕ್ಕಿತು. ಆ ಪ್ರವೇಶ ಎಷ್ಟು ಗಂಟೆಗೆ ಎಂದು ಮೇಳದವರಲ್ಲೂ ಆಟ ಆಡಿಸಿದವರಲ್ಲೂ ವಿಚಾರಿಸಬಹುದು. 11.30 ಎಂದಾಯಿತು ಅನ್ನಿ. ಕೊಲೆಗೂ ಇದಕ್ಕೂ ನಡುವೆ ಒಂದೂಕಾಲು ಗಂಟೆ. ಮಂಗಳೂರಿನಿಂದ ಕಾಪುವಿಗೆ ಹೆದ್ದಾರಿ 66ರಲ್ಲಿ ಸುಮಾರು 45 ಕಿ.ಮೀ.; ರಾತ್ರಿ ಬೈಕಿನಲ್ಲಿ ಒಂದು ಗಂಟೆ ಧಾರಾಳ. ಗೆಳೆಯ ಒಂದಿಷ್ಟೂ ಸುಳ್ಳಾಡಿಲ್ಲ, ಆದರೂ ವಾದ ನಿಲ್ಲಲಿಲ್ಲ. ಅದೇ ಪ್ರವೇಶ 10.30ಕ್ಕೆ ಆಗಿದ್ದರೆ? ಕಾಲು ಗಂಟೆಯಲ್ಲಿ ಯಾರೂ ಕಾಪು ತಲುಪಲಾರರು. ಅಷ್ಟು ಗಟ್ಟಿಯಾಗಿ ಕಂಡ ನೆರೆಯವರ ಕಣ್ಣನ್ನೂ ಕೋರ್ಟು ಮತ್ತೆ ಸಂದೇಹದಿಂದ ನೋಡಬೇಕಾಗುತ್ತದೆ. ಸ್ಥಳದಲ್ಲಿ ಇರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸಬೇಕು, ಬೇರೆಡೆ ಕಂಡಿದ್ದ ಎಂದಲ್ಲ. ಗೆಳೆಯ ಆರೋಪಿಯ ಕಡೆಯವನೆಂಬ ಒಂದೇ ಕಾರಣಕ್ಕೆ ಅವನನ್ನು ಹಗುರವಾಗಿ ನೋಡುವಂತಿಲ್ಲ. 1981ರ ದೂಧನಾಥ ಪಾಂಡೆ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ.

ಮೊಬೈಲ್ ಟವರ್ ದಾಖಲೆ ಹೇಳುವುದು ಫೋನ್ ಎಲ್ಲಿತ್ತು ಎಂದು ಮಾತ್ರ. ಅದಕ್ಕೂ ಅದೇ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಬೇಕು. ಬೈಕಿಗೆ ಟೋಲ್ ಇಲ್ಲದ್ದರಿಂದ ದಾರಿಯಲ್ಲಿರುವ ಹೆಜಮಾಡಿ ಟೋಲ್ ಗೇಟಿನಲ್ಲಿ ಫಾಸ್ಟ್‌ಟ್ಯಾಗ್ ಗುರುತು ಸಿಗದು.

ವಾದ ಸುಳ್ಳೆಂದಾದರೂ ಪ್ರಾಸಿಕ್ಯೂಷನ್‌ನ ಕೊರತೆ ತುಂಬುವುದಿಲ್ಲ. ಹೆದರಿದ ನಿರಪರಾಧಿಯೂ ಸುಳ್ಳು ಹೇಳುತ್ತಾನೆ. ಗಿರವಿ ಅಂಗಡಿಯಲ್ಲಿ ಸಿಕ್ಕ ಸರ, ಅದನ್ನು ಇಟ್ಟವನ ಸಹಿ, ಸಾಕ್ಷಿಯ ಮಾತಿಗೆ ಇವು ಕೊಡುವಷ್ಟು ಬಲವನ್ನು ಸುಳ್ಳು ಅಲಿಬಿ ಕೊಡದು.

ಆರೋಪಿಯ ಪರ ವಕೀಲರು ಈ ವಾದವನ್ನು ವಿಚಾರಣೆಯ ಕೊನೆಗೆ ಕೋರ್ಟು ಪಡೆಯುವ ಆರೋಪಿಯ ಹೇಳಿಕೆಯ ತನಕ ಬಚ್ಚಿಡಬಾರದು. ನೆರೆಯವರ ಪಾಟೀ ಸವಾಲಿನಲ್ಲೇ ಸೂಚಿಸಬೇಕು. ಅದಕ್ಕೂ ಮೊದಲು, ಬಂಧನವಾದ ವಾರದಲ್ಲೇ, ಕಾಪು ಪೇಟೆಯ ಅಂಗಡಿಗಳ ಮತ್ತು ಹೆಜಮಾಡಿ ಗೇಟಿನ ಕ್ಯಾಮೆರಾ ದೃಶ್ಯ ಉಳಿಸಿಡಲು ಅರ್ಜಿ ಹಾಕಬೇಕು. ಸಣ್ಣ ಅಂಗಡಿಗಳ ರೆಕಾರ್ಡರ್ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಪ್ರತಿ ತೆಗೆದುಕೊಳ್ಳುವಾಗ ರೆಕಾರ್ಡರಿನ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನು ಅಲ್ಲೇ ಬರೆಸಿಕೊಳ್ಳಿ.