ಎರಡು ‘ಅ’ ಒಂದೇ ಥರ ಇದ್ದರೆ ಅದೆಂಥ ಕೈಬರಹ?

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೊರಟರೆ ದಾರಿಯುದ್ದಕ್ಕೂ ಹೋಂಸ್ಟೇ ಬೋರ್ಡುಗಳು. ಈಗೀಗ ಕೈಬರಹದಂಥ ಫಾಂಟೇ ಜಾಸ್ತಿ. ‘ಅಕ್ಕಿ ರೊಟ್ಟಿ, ಅಕ್ಕಿ ಕಡುಬು’ ಅಂತಿರುವ ಬೋರ್ಡನ್ನು ಹತ್ತಿರ ನಿಂತು ನೋಡಿ. ಮೊದಲನೇ ‘ಅ’ದ ತುದಿ ಚೂರು ಮೇಲಕ್ಕೆ ಜಿಗಿದಿರುತ್ತದೆ. ಎರಡನೆಯದೂ ಅಷ್ಟೇ, ಅಲ್ಲೇ, ಅಷ್ಟೇ ಎತ್ತರಕ್ಕೆ. ಯಾವ ಕೈಯೂ ಹಾಗೆ ಬರೆಯುವುದಿಲ್ಲ.

ಅಕ್ಷರ ಸೊಟ್ಟಗಿದ್ದರೆ ಕೈಬರಹ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಸೊಟ್ಟವೂ ಪ್ರತಿ ಸಲ ಬೇರೆ ಬೇರೆ ಆಗಬೇಕಲ್ವಾ? ಬೇಲೂರಿನ ಶಾಸನಗಳಲ್ಲಿ ಉಳಿಯ ಅಕ್ಷರ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದ ಗುಟೆನ್‌ಬರ್ಗ್, ಲಿಪಿಕಾರರ ಬರಹದಂತೆಯೇ ಕಾಣಲಿ ಅಂತ ಸುಮಾರು 290 ಬಗೆಯ ಅಚ್ಚುಮೊಳೆ ಮಾಡಿಸಿದ. ಒಂದೇ ಅಕ್ಷರಕ್ಕೆ ಅಗಲದ್ದು, ಕಿರಿದು, ಪಕ್ಕದ್ದಕ್ಕೆ ಅಂಟಿಕೊಂಡದ್ದು. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ ಮಾಡಿದ ಇಂಗ್ಲಿಷಿನ ಕೈಬರಹದಂಥ ಫಾಂಟು ಕಾಮಿಕ್ ಸ್ಯಾನ್ಸ್ ಈ ಗೋಜಿಗೇ ಹೋಗಲಿಲ್ಲ. ಅದನ್ನು ಬೈಯದವರಿಲ್ಲ. ಆದರೂ 2012ರಲ್ಲಿ ಯುರೋಪಿನ ಕಣ ವಿಜ್ಞಾನ ಸಂಸ್ಥೆ ಸರ್ನ್‌ನಲ್ಲಿ, ಬಹುಕಾಲ ಹುಡುಕಿದ್ದ ಹಿಗ್ಸ್ ಕಣದ ಸುದ್ದಿ ಹೇಳಿದ ಅಟ್ಲಾಸ್ ಎಂಬ ವಿಜ್ಞಾನಿಗಳ ತಂಡದ ಸ್ಲೈಡುಗಳು ಅದರಲ್ಲೇ ಇದ್ದವು. ಕಣಕ್ಕೇನೂ ಆಗಲಿಲ್ಲ!

ನನಗೆ ಖುಷಿ ಕೊಡುವುದು ಫಾಂಟಿನ ಒಳಗಿನ ಕೆಲಸ. ‘ಕ್ಕಿ’ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಅದು ನಾಲ್ಕು ಸಂಕೇತ: ಕ, ಅದನ್ನು ಅರ್ಧಾಕ್ಷರ ಮಾಡುವ ಗುರುತು (್), ಇನ್ನೊಂದು ಕ, ಗುಡಿಸು. ಪರದೆ ಮೇಲೆ ಕಾಣುವುದು ಎರಡೇ ಆಕಾರ: ‘ಕಿ’ ಮತ್ತು ಕೆಳಗಿನ ಒತ್ತು. ನಾಲ್ಕನ್ನು ಎರಡು ಮಾಡುವ ನಿಯಮಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ) ಫಾಂಟಿನೊಳಗೇ ಇರುತ್ತವೆ. ಅಲ್ಲಿಗೇ ಇನ್ನೊಂದು ನಿಯಮ ಸೇರಿಸಬಹುದು: ಸ್ವಲ್ಪ ಹಿಂದೆ ‘ಅ’ ಬಂದಿದ್ದರೆ ಈಗ ಎರಡನೇ ರೂಪದ ‘ಅ’ ಹಾಕು. ಮದುವೆ ಮನೆಯಲ್ಲಿ ಬಡಿಸುವವರು ಎಲೆ ಮೇಲೆ ಏನಿದೆ ನೋಡಿ ಮುಂದಿನದ್ದು ಹಾಕುತ್ತಾರಲ್ಲ, ಹಾಗೆ. ಇಂಗ್ಲಿಷಿಗೆ ಇದು ಅಲಂಕಾರ. ನಮಗೆ ಯೂನಿಕೋಡ್‌ನಲ್ಲಿ ಇಂಥ ನಿಯಮಗಳಿಲ್ಲದೆ ಒತ್ತಕ್ಷರವೇ ಮೂಡದು.

ಮತ್ತೆ ಬೋರ್ಡಿನಲ್ಲಿ ಯಾಕಿಲ್ಲ? ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳು ಓಡುತ್ತಿವೆ. ಅವುಗಳಲ್ಲಿ ಹೆಚ್ಚೆಂದರೆ 256 ಖಾನೆ. ಕಾಗುಣಿತ, ಒತ್ತು ತುಂಬುವಷ್ಟರಲ್ಲಿ ಜಾಗ ಮುಗಿಯಿತು. ಎರಡನೇ ‘ಅ’ವನ್ನು ಎಲ್ಲಿಡುವುದು? ಬೋರ್ಡು ವಿನ್ಯಾಸ ಮಾಡುವ ಕೋರಲ್ ತಂತ್ರಾಂಶದಲ್ಲಿ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿಸಿ, ತುದಿಯನ್ನು ಚೂರು ಎಳೆದರೆ ಆಯಿತು, ಆದರೆ ಅಷ್ಟು ಪುರುಸೊತ್ತು ಯಾರಿಗಿದೆ.



ಇಂಥ ಫಾಂಟು ಊಟದ ಪಟ್ಟಿಗೆ, ಮಕ್ಕಳ ಚಿತ್ರಪುಸ್ತಕಕ್ಕೆ, ಹುಟ್ಟುಹಬ್ಬದ ಕಾರ್ಡಿಗೆ ಚೆನ್ನ. ಮಾತ್ರೆ ಚೀಟಿಗೆ, ಪಹಣಿಗೆ ಬೇಡ. ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಸಣ್ಣ ಗೀಟು. ಫ್ಲೆಕ್ಸ್ ಮೇಲೆ ಅದು ಎದ್ದು ಕಾಣುತ್ತದೆ. ಮೊಬೈಲಿನಲ್ಲಿ, ಸಣ್ಣ ಅಳತೆಯಲ್ಲಿ, ಒರಟು ಕುಂಚದ ಫಾಂಟಾದರೆ ಮಸಿಯೊಳಗೇ ಮುಳುಗಿಹೋಗುತ್ತದೆ. ಆಗ ಪಂಚಾಯಿತಿಯ ‘ಧನಸಹಾಯ’ದ ನೋಟಿಸು ಓದಿದವರು ಹಗ್ಗ ಹಿಡಿದುಕೊಂಡು ಬಂದರೆ ತಪ್ಪು ಯಾರದು?