ಸ್ನಾಯುವಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ

ಮನೆಯಲ್ಲಿ ಸಾವಾದಾಗ ಅಳುವವರು ಅಳುತ್ತಿರುತ್ತಾರೆ. ಕಂಡು ಉಂಡ ಹಿರಿಯರೊಬ್ಬರು ಮಾತ್ರ ತಡ ಮಾಡುವುದಿಲ್ಲ. ಕಣ್ಣು ಮುಚ್ಚಿಸುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಕೈಕಾಲು ನೇರ ಮಾಡಿ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಗಿಯುತ್ತಾರೆ. ಕೂರಿಸಿ ಸಮಾಧಿ ಮಾಡುವ ಪದ್ಧತಿ ಇರುವ ಲಿಂಗಾಯತರ ಮನೆಗಳಲ್ಲಿ ಈ ಅವಸರ ಇನ್ನೂ ಹೆಚ್ಚು. ಕೆಲವು ಗಂಟೆ ಕಳೆದರೆ ದೇಹ ಸೆಟೆದುಕೊಳ್ಳುತ್ತದೆ, ಆಮೇಲೆ ಮಂಡಿ ಮಡಿಸುವುದು ಸುಲಭವಲ್ಲ ಎಂಬುದು ಅವರಿಗೆ ಗೊತ್ತು. ಸುಮಾರು 12 ಗಂಟೆಯ ಹೊತ್ತಿಗೆ ಬಿಗಿತ ಪೂರ್ತಿಯಾಗುತ್ತದೆ. ಒಂದೆರಡು ದಿನಗಳಲ್ಲಿ ತಾನಾಗಿ ಸಡಿಲುತ್ತದೆ.

ಯೋಚಿಸಿದರೆ ಇದು ವಿಚಿತ್ರವೇ. ಪ್ರಾಣ ಹೋದ ಮೇಲೆ ಶಕ್ತಿಯೂ ಹೋಗಿರುತ್ತದೆ. ಶಕ್ತಿ ಇಲ್ಲದ ಸ್ನಾಯು ಜೋತುಬೀಳಬೇಕಲ್ಲವೇ? ಬಿಗಿಯಾಗುವುದೇಕೆ? ಇದಕ್ಕೆ ಉತ್ತರ ಸಿಕ್ಕರೆ ಬದುಕಿರುವ ಸ್ನಾಯು ಹೇಗೆ ದುಡಿಯುತ್ತದೆ ಎಂಬುದರ ಅರ್ಧ ಪಾಠ ಮುಗಿದಂತೆ.

ನಮ್ಮ ಮೈಯಲ್ಲಿ ಮೂರು ಬಗೆಯ ಸ್ನಾಯುಗಳಿವೆ. ಹೃದಯದ್ದು ಒಂದು ಬಗೆ. ಕರುಳು, ರಕ್ತನಾಳಗಳ ಗೋಡೆಯದು ಇನ್ನೊಂದು. ಅವೆರಡೂ ನಮ್ಮ ಅಪ್ಪಣೆಗೆ ಕಾಯುವುದಿಲ್ಲ, ಆದ್ದರಿಂದ ಇಲ್ಲಿ ನಾವೂ ಅವನ್ನು ಪಕ್ಕಕ್ಕಿಡೋಣ. ಮೂಳೆಗೆ ಅಂಟಿಕೊಂಡು ನಾವು ಹೇಳಿದಂತೆ ಕೇಳುವ ಸ್ನಾಯುಗಳೇ 600ಕ್ಕೂ ಹೆಚ್ಚಿವೆ. ವಯಸ್ಕರ ತೂಕದ ಶೇ. 30ರಿಂದ 40ರಷ್ಟು ಇವುಗಳದ್ದೇ.

ಬೇಯಿಸಿದ ಕೋಳಿಯ ತುಂಡನ್ನು ಬೆರಳಿನಿಂದ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಕಣ್ಣಿಗೆ ಕಾಣುವ ಆ ಎಳೆ ಎಂದರೆ ಸ್ನಾಯುತಂತುಗಳ ಒಂದು ಕಟ್ಟು. ಒಂದೊಂದು ತಂತುವೂ ಒಂದೊಂದು ಜೀವಕೋಶ. ಹುಟ್ಟುವ ಮೊದಲೇ ಹಲವು ಕೋಶಗಳು ಬೆಸೆದು ಒಂದಾಗಿರುವುದರಿಂದ ಈ ಕೋಶದಲ್ಲಿ ಕೋಶಕೇಂದ್ರ ಒಂದಲ್ಲ, ನೂರಾರು. ತಂತುವಿನ ಒಳಗೆ ಇನ್ನೂ ತೆಳುವಾದ ನಾರುಗಳು ಉದ್ದಕ್ಕೂ ಹಾದುಹೋಗುತ್ತವೆ. ಪ್ರತಿ ನಾರೂ ಸಾರ್ಕೋಮಿಯರ್ ಎಂಬ ಪುಟ್ಟ ಪುಟ್ಟ ಖಂಡಗಳ ಸಾಲು. ಒಂದು ಖಂಡದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡೂ ಚಿಲ್ಲರೆ ಭಾಗ. ಹಾಗಾಗಿ ಒಂದು ಸೆಂಟಿಮೀಟರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಖಂಡಗಳು ಸಾಲಾಗಿ ನಿಂತಿರುತ್ತವೆ. ಖಂಡದ ನಡುವೆ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆಗಳು, ಎರಡೂ ತುದಿಗಳಿಂದ ಅವುಗಳ ನಡುವೆ ತೂರಿಬಂದ ಆಕ್ಟಿನ್ ಪ್ರೋಟೀನಿನ ತೆಳು ಎಳೆಗಳು. ನಮ್ಮ ಓಡಾಟವೆಲ್ಲ ಈ ಎರಡರ ನಡುವಿನ ವ್ಯವಹಾರ.

ಸ್ನಾಯು ಗಿಡ್ಡವಾಗುವಾಗ ಒಳಗಿನ ಎಳೆಗಳೂ ಮುದುಡಿ ಗಿಡ್ಡವಾಗುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. ನಂಬಿಕೆ ಸಹಜವೇ. 1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕದಲ್ಲಿ ಅಚ್ಚಾದ ಎರಡು ಪ್ರಬಂಧಗಳು ಅದನ್ನು ಕೆಡವಿದವು. ಒಂದನ್ನು ಬರೆದವರು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ. ಇನ್ನೊಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ, ವಿಜ್ಞಾನದ ಚರಿತ್ರೆ ಓದುವವರನ್ನು ಗೊಂದಲಕ್ಕೆ ತಳ್ಳಲೆಂದೇ ಹುಟ್ಟಿದಂತಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಎರಡೂ ತಂಡಗಳಿಗೆ ಕಂಡದ್ದು ಒಂದೇ ಸಂಗತಿ: ಸ್ನಾಯು ಗಿಡ್ಡವಾದರೂ ಮಯೋಸಿನ್ ಇರುವ ಕಪ್ಪು ಪಟ್ಟಿಯ ಅಗಲ ಬದಲಾಗಲಿಲ್ಲ. ಎಂದರೆ ಎಳೆಗಳು ಮುದುಡುತ್ತಿಲ್ಲ, ಒಂದರ ಮೇಲೊಂದು ಜಾರುತ್ತಿವೆ.

ಜಾರಿಸುವವರು ಯಾರು? ಮಯೋಸಿನ್ ಎಳೆಯಿಂದ ಸಾಲುಸಾಲಾಗಿ ಚಾಚಿಕೊಂಡ ಪುಟ್ಟ ತಲೆಗಳು. ಬಾವಿಯಿಂದ ಕೊಡ ಸೇದುವವರು ಹಗ್ಗ ಹಿಡಿದು ಎಳೆಯುತ್ತಾರೆ, ಒಂದು ಕೈ ಬಿಟ್ಟು ಮುಂದಕ್ಕೆ ಚಾಚಿ ಮತ್ತೆ ಹಿಡಿಯುತ್ತಾರೆ. ಈ ತಲೆಗಳೂ ಆಕ್ಟಿನ್ ಎಳೆಯ ಮೇಲೆ ಅದನ್ನೇ ಮಾಡುತ್ತವೆ. ಒಂದು ಎಳೆತಕ್ಕೆ ಸರಿಯುವ ದೂರ ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು. ಕೋಟಿಗಟ್ಟಲೆ ತಲೆಗಳು ಎಳೆಯುವುದರಿಂದ, ಸಾವಿರಾರು ಖಂಡಗಳು ಸಾಲಿನಲ್ಲಿ ಒಟ್ಟಿಗೆ ಕುಗ್ಗುವುದರಿಂದ, ಅದು ನಮಗೆ ಕೈ ಎತ್ತಿದಂತೆ ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜೀವಕೋಶಗಳ ಇಂಧನವಾದ ಎಟಿಪಿ ಈ ಆಟದಲ್ಲಿ ಎಲ್ಲಿ ಬೇಕಾಗುತ್ತದೆ? ಎಳೆಯುವ ಗಳಿಗೆಯಲ್ಲಿ ಎಂದು ಯಾರಾದರೂ ಹೇಳುತ್ತಾರೆ. ವಾಸ್ತವ ಬೇರೆ. ಎಳೆದು ಮುಗಿಸಿದ ತಲೆ ಆಕ್ಟಿನ್‌ಗೆ ಕಚ್ಚಿಕೊಂಡೇ ಇರುತ್ತದೆ. ಹೊಸದೊಂದು ಎಟಿಪಿ ಅಣು ಬಂದು ಕೂತಾಗಲೇ ಹಿಡಿತ ಬಿಡುತ್ತದೆ. ಆಮೇಲೆ ಆ ಅಣು ಒಡೆದು, ಬಿಡುಗಡೆಯಾದ ಶಕ್ತಿಯಿಂದ ತಲೆ ಮುಂದಿನ ಎಳೆತಕ್ಕೆ ಸೆಟೆದು ಸಿದ್ಧವಾಗುತ್ತದೆ. ಹೆಣ ಬಿಗಿಯುವುದು ಇದರಿಂದಲೇ. ಎಟಿಪಿ ತಯಾರಿ ನಿಂತಿದೆ, ಕಚ್ಚಿದ ತಲೆಗಳನ್ನು ಬಿಡಿಸುವವರಿಲ್ಲ. ಕೊನೆಗೆ ಕೊಳೆಯುವಿಕೆ ಪ್ರೋಟೀನುಗಳನ್ನೇ ಕಡಿದುಹಾಕಿದಾಗ ಮಾತ್ರ ದೇಹ ಸಡಿಲಾಗುತ್ತದೆ.

ಬಿಡುವ ಖರ್ಚು ಇಷ್ಟಕ್ಕೇ ಮುಗಿಯುವುದಿಲ್ಲ. ನರದ ಸಂದೇಶ ಬಂದಾಗ ಸ್ನಾಯುತಂತುವಿನ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ಹರಿಯುತ್ತದೆ. ಆಕ್ಟಿನ್ ಮೇಲೆ ಕೂತು ಮಯೋಸಿನ್‌ಗೆ ಅಡ್ಡಗಟ್ಟುತ್ತಿದ್ದ ಪ್ರೋಟೀನುಗಳು ಕ್ಯಾಲ್ಸಿಯಂ ತಗುಲಿದೊಡನೆ ಪಕ್ಕಕ್ಕೆ ಸರಿಯುತ್ತವೆ. ಕ್ಯಾಲ್ಸಿಯಂನ ಈ ಪಾತ್ರವನ್ನು ಬಿಡಿಸಿ ತೋರಿಸಿದವರಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಪ್ರಮುಖರು. ಹೊರಗೆ ಹರಿಯಲು ಕ್ಯಾಲ್ಸಿಯಂಗೆ ಯಾವ ಶ್ರಮವೂ ಬೇಕಿಲ್ಲ. ಮತ್ತೆ ಚೀಲಕ್ಕೆ ತುಂಬಲು ಮಾತ್ರ ಪಂಪು ಓಡಬೇಕು, ಪಂಪಿಗೂ ಎಟಿಪಿ ಬೇಕು. ಕೂಡಿಟ್ಟ ಎಟಿಪಿಯಾದರೋ ಭರದ ಕೆಲಸಕ್ಕೆ ಕೆಲವೇ ಸೆಕೆಂಡು ಸಾಕಾಗುವಷ್ಟು; ಉಳಿದದ್ದನ್ನು ಆಗಿಂದಾಗ್ಗೆ ತಯಾರಿಸಿಕೊಳ್ಳಬೇಕು.

ಸ್ನಾಯುವಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಆದ್ದರಿಂದಲೇ ರಟ್ಟೆಯ ಮುಂದೊಂದು, ಹಿಂದೊಂದು ಸ್ನಾಯು: ಒಂದು ಮೊಣಕೈ ಮಡಿಸುತ್ತದೆ, ಇನ್ನೊಂದು ಬಿಚ್ಚುತ್ತದೆ. ಮಡಿಸುವ ಸ್ನಾಯು ಮೂಳೆಗೆ ಅಂಟಿರುವುದು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ಆಚೆ. ಹಾಗಾಗಿ 5 ಕಿಲೋ ಅಕ್ಕಿಯ ಚೀಲವನ್ನು ಮೊಣಕೈ ಮಡಿಸಿ ಹಿಡಿದರೆ ಸ್ನಾಯುವಿನ ಮೇಲೆ ಬೀಳುವ ಭಾರ ಹತ್ತಿರ ಹತ್ತಿರ 40 ಕಿಲೋ. ನಷ್ಟದ ವ್ಯಾಪಾರದಂತೆ ಕಾಣುತ್ತದೆ, ಆದರೆ ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಕೈ ಎಂಟು ಸೆಂಟಿಮೀಟರ್ ಚಲಿಸುತ್ತದೆ. ಕ್ರಿಕೆಟ್ ಚೆಂಡು ಎಸೆಯುವ ವೇಗ ಬರುವುದು ಈ 'ನಷ್ಟ'ದಿಂದಲೇ.

ಎಳೆಯುತ್ತಲೇ ಉದ್ದವಾಗುವ ಸ್ಥಿತಿಯೂ ಸ್ನಾಯುವಿಗೆ ಬರುತ್ತದೆ. ಭಾರವನ್ನು ನಿಧಾನವಾಗಿ ಕೆಳಗಿಡುವಾಗ, ಮೆಟ್ಟಿಲು ಇಳಿಯುವಾಗ ಆಗುವುದು ಇದೇ. 1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಅದನ್ನು ತಡೆಯುತ್ತಾ ಕೂರಬೇಕು. ಬಲ ಇಬ್ಬರದ್ದೂ ಒಂದೇ. ಆದರೆ ತುಳಿಯುವವರು ಬಳಸಿದ ಆಮ್ಲಜನಕ ತಡೆಯುವವರದಕ್ಕಿಂತ ಕೆಲವು ಪಟ್ಟು ಹೆಚ್ಚು. ಲಂಡನ್ನಿನಲ್ಲಿ ಇದನ್ನು ಪ್ರದರ್ಶಿಸಿದಾಗ ಸಣ್ಣ ಮೈಕಟ್ಟಿನ ಹೆಣ್ಣುಮಗಳೊಬ್ಬಳು ಆರಾಮವಾಗಿ ಕೂತು ಎದುರಿನ ಗಂಡಸನ್ನು ಸುಸ್ತು ಹೊಡೆಸಿದಳು. ತಡೆಯುವಾಗ ಕಚ್ಚಿದ ತಲೆಗಳಲ್ಲಿ ಹಲವು ಎಟಿಪಿಗೆ ಕಾಯದೆ ಎಳೆತದ ರಭಸಕ್ಕೇ ಕಿತ್ತುಬರುತ್ತವೆ, ಬಿಡಿಸುವ ಖರ್ಚು ಉಳಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಆ ಅಗ್ಗದ ದುಡಿಮೆಗೆ ಬೆಲೆ ತೆರುವುದು ಆಮೇಲೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಆದರೆ ಎರಡನೆಯ ದಿನ ಕುರ್ಚಿಯಿಂದ ಏಳಲಾಗದಂತೆ ತೊಡೆ ನೋಯುವುದು ಮುಖ್ಯವಾಗಿ ಇಳಿದದ್ದಕ್ಕೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂದು ಈಗಲೂ ಜಿಮ್‌ಗಳಲ್ಲಿ ಹೇಳುತ್ತಾರೆ. ಅದು ನಿಜವಾಗಿದ್ದರೆ ಹತ್ತಿದ್ದೇ ಹೆಚ್ಚು ನೋಯಬೇಕಿತ್ತು; ಮೇಲಾಗಿ ಆ ಆಮ್ಲ ವಿಶ್ರಾಂತಿಯ ಒಂದೆರಡು ಗಂಟೆಯೊಳಗೇ ರಕ್ತದಿಂದ ಕರಗಿಹೋಗುತ್ತದೆ. ಇಳಿಯುವಾಗ ಅತಿಯಾಗಿ ಜಗ್ಗಿದ ಖಂಡಗಳಲ್ಲಿ ಕೆಲವು ಹರಿಯುತ್ತವೆ, ಅವುಗಳ ರಿಪೇರಿಗೆ ಬರುವ ಉರಿಯೂತವೇ ನೋವಿಗೆ ಬಹುಪಾಲು ಕಾರಣ. ರಿಪೇರಿಯಾದ ತೊಡೆ ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟಾಗಿ ದೂರುವುದಿಲ್ಲ. ಕುಮಾರಪರ್ವತಕ್ಕೋ ಮುಳ್ಳಯ್ಯನಗಿರಿಗೋ ಹೊರಟವರು ಹದಿನೈದು ದಿನ ಮೊದಲು ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಿನಲ್ಲಿ ಇಳಿದು ಬಂದರೂ ಲಾಭವಿದೆ. ನೋಡಿದವರು ಸೋಮಾರಿ ಎನ್ನಬಹುದು, ಅಷ್ಟೇ.