ಟೈರಿನ ಮೇಲಿನ ‘ಆರ್’: ಅದು ರೇಡಿಯಸ್ ಅಲ್ಲ, ರಿಮ್ಮೂ ಅಲ್ಲ

ಕಾರಿಗೆ ಹೊಸ ಟೈರ್ ಆರಿಸುವುದು ಹೇಗೆಂದು ತಿಳಿಸುವ ಬರಹವೊಂದರಲ್ಲಿ ಮೊನ್ನೆ ಮತ್ತೆ ಅದೇ ವಿವರಣೆ ಕಣ್ಣಿಗೆ ಬಿತ್ತು: 195/65 ಆರ್ 15 ಎಂಬಲ್ಲಿ ಆರ್ ಎಂದರೆ ರೇಡಿಯಸ್, ಅಂದರೆ 15 ಇಂಚು ತ್ರಿಜ್ಯ ಎಂದು. ಅದೇ ಅಕ್ಷರವನ್ನು ರಿಮ್ ಎಂದು ಬಿಡಿಸುವವರೂ ಇದ್ದಾರೆ. ಎರಡೂ ತಪ್ಪು. ಆರ್ ಎಂದರೆ ರೇಡಿಯಲ್. ಅದು ಅಳತೆಯೇ ಅಲ್ಲ; ಟೈರಿನೊಳಗಿನ ದಾರಗಳನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಎಂದು ಹೇಳುವ ಗುರುತು.

ಬರೆಯುವ ಮುನ್ನ ಒಂದು ಲೆಕ್ಕ ಹಾಕಿದ್ದರೂ ತಪ್ಪು ಗೊತ್ತಾಗುತ್ತಿತ್ತು. ತ್ರಿಜ್ಯವೇ 15 ಇಂಚಾದರೆ ರಿಮ್ಮಿನ ವ್ಯಾಸ 30 ಇಂಚು, ಅಂದರೆ 762 ಮಿಲಿಮೀಟರ್. ಅದರ ಮೇಲೊಂದು ಕೆಳಗೊಂದು ಟೈರಿನ ಗೋಡೆ ಸೇರಿದರೆ ಚಕ್ರದ ಎತ್ತರ ಒಂದು ಮೀಟರನ್ನು ದಾಟುತ್ತದೆ. ಈ ಸೈಜಿನ ಚಕ್ರದ ಪಕ್ಕ ನಿಂತು ನೋಡಿ, ಅದು ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಬರುತ್ತದೆ, ಅಷ್ಟೇ. 15 ಎಂಬುದು ಇಂಚಿನಲ್ಲಿ ಹೇಳಿದ ರಿಮ್ಮಿನ ವ್ಯಾಸ. ಪಕ್ಕದ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ.

ಗೊಂದಲದ ಬೇರು ಪದದಲ್ಲೇ ಇದೆ. ರೇಡಿಯಸ್, ರೇಡಿಯಲ್ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಲ್ಯಾಟಿನ್ನಿನಲ್ಲಿ ‘ರೇಡಿಯಸ್’ ಎಂದರೆ ಬಂಡಿಯ ಗಾಲಿಯ ಅರ, ಬೆಳಕಿನ ಕಿರಣವೂ ಹೌದು. ರೇಡಿಯೋ, ರೇಡಿಯಂ ಎಂಬ ಪದಗಳು ಬಂದದ್ದೂ ಅಲ್ಲಿಂದಲೇ. ಗಾಲಿಯ ಅರಕ್ಕೆ ಉದ್ದವೂ ಇದೆ, ದಿಕ್ಕೂ ಇದೆ. ಉದ್ದವನ್ನು ಹಿಡಿದುಕೊಂಡ ರೇಖಾಗಣಿತಕ್ಕೆ ರೇಡಿಯಸ್ ಸಿಕ್ಕಿತು. ನಡುವಿನಿಂದ ಅಂಚಿಗೆ ನೇರವಾಗಿ ಹರಡುವ ದಿಕ್ಕನ್ನು ಹಿಡಿದುಕೊಂಡದ್ದು ರೇಡಿಯಲ್. ಟೈರಿಗೆ ಬೇಕಾದದ್ದು ಈ ಎರಡನೆಯ ಅರ್ಥ. ಕನ್ನಡದ ತ್ರಿಜ್ಯಕ್ಕೆ ಗಾಲಿಯ ನಂಟೇ ಇಲ್ಲ: ‘ಜ್ಯಾ’ ಎಂದರೆ ಬಿಲ್ಲಿನ ಹೆದೆ, ಮೂರು ರಾಶಿಗಳ, ಅಂದರೆ 90 ಡಿಗ್ರಿಯ, ಜ್ಯಾ ಎಂಬುದರಿಂದ ತ್ರಿಜ್ಯಾ. ಆದ್ದರಿಂದ ‘ತ್ರಿಜ್ಯೀಯ ಟೈರ್’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ಅದು ಓದುಗರನ್ನು ಮತ್ತೆ ಅದೇ ತಪ್ಪಿನ ಕಡೆಗೆ ತಳ್ಳುತ್ತದೆ. ರೇಡಿಯಲ್ ಟೈರ್ ಎಂದೇ ಬರೆಯೋಣ. ಕನ್ನಡದ ಮಾತೇ ಬೇಕೆಂದರೆ ‘ಅರದಂತೆ ದಾರ ಹಾಸಿದ ಟೈರ್’ ಎನ್ನಬಹುದು.

ಅರದಂತೆ ಎಂಬುದು ಇಲ್ಲಿ ಬರೀ ಹೋಲಿಕೆಯಲ್ಲ. ಸವೆದ ರೇಡಿಯಲ್ ಟೈರಿನ ಗೋಡೆಯ ರಬ್ಬರನ್ನು ಸುಲಿದರೆ ಒಳಗೆ ಒತ್ತಾಗಿ ಜೋಡಿಸಿದ ದಾರಗಳು ಕಾಣುತ್ತವೆ. ರಿಮ್ಮಿಗೆ ಕಚ್ಚಿಕೊಳ್ಳುವ ಒಂದು ಅಂಚಿನ ಉಕ್ಕಿನ ಬಳೆಯಿಂದ ಹೊರಟು, ನೆಲಕ್ಕೆ ತಾಗುವ ಮೈಯ ಕೆಳಗೆ ಹಾದು, ಇನ್ನೊಂದು ಅಂಚಿನ ಬಳೆಗೆ ಅವು ಅಡ್ಡಲಾಗಿ ನೇರವಾಗಿ ಹೋಗುತ್ತವೆ. ಪಕ್ಕದಿಂದ ನೋಡಿದರೆ ಥೇಟ್ ಗಾಲಿಯ ಅರಗಳೇ. ಅವುಗಳ ಮೇಲೆ, ಹೊರಮೈಯ ಕೆಳಗೆ, ಉಕ್ಕಿನ ತಂತಿಯ ಪಟ್ಟಿಗಳು ಸುತ್ತುವರಿದಿರುತ್ತವೆ. ಹಳೆಯ ಬಗೆಯ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತ ಹೋಗುವುದರಿಂದ ಗೋಡೆ ಬಾಗಿದರೆ ನೆಲ ಹಿಡಿಯುವ ಮೈಯೂ ಜೊತೆಗೇ ಅಲುಗುತ್ತದೆ. ರೇಡಿಯಲ್‌ನಲ್ಲಿ ಗೋಡೆ ತನ್ನ ಪಾಡಿಗೆ ಬಾಗುತ್ತದೆ, ಮೈ ನೆಲಕ್ಕೆ ಚಪ್ಪಟೆಯಾಗಿ ಅಂಟಿರುತ್ತದೆ. ಬಿಸಿ ಕಡಿಮೆ, ಬಾಳಿಕೆ ಹೆಚ್ಚು. ಮಿಶೆಲಿನ್ ಸಂಸ್ಥೆ ಇದಕ್ಕೆ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ‘ಎಕ್ಸ್’ ಎಂಬ ಹೆಸರಿನ ಟೈರನ್ನು ಮಾರುಕಟ್ಟೆಗೆ ತಂದಿತು. ಹಳೆಯ ಬಗೆಯಿಂದ ಬೇರೆಯಾಗಿ ತೋರಿಸಲು ಒಂದು ಅಕ್ಷರ ಬೇಕಾಯಿತು, ಅದೇ ಈ ಆರ್.

ಇನ್ನೂ ಅನುಮಾನವಿದ್ದರೆ ಮೋಟಾರ್‌ಸೈಕಲ್ಲಿನ ಟೈರ್ ನೋಡಿ. ಎಷ್ಟೋ ಟೈರುಗಳ ಮೇಲೆ 100/90-17 ಎಂದಿರುತ್ತದೆ. ಆರ್ ಇರಬೇಕಾದ ಜಾಗದಲ್ಲಿ ಅಡ್ಡಗೆರೆ, ಏಕೆಂದರೆ ಅದು ಓರೆದಾರದ ಟೈರ್. ಆದರೂ 17 ಎಂಬುದು ರಿಮ್ಮಿನ ವ್ಯಾಸವೇ. ಆರ್ ಎಂದರೆ ರಿಮ್ ಎನ್ನುವವರು ಈ ಅಡ್ಡಗೆರೆಗೆ ಏನು ಅರ್ಥ ಹೇಳುತ್ತಾರೆ? ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಕಾರಿನ ಟೈರಿನ ಗೋಡೆಯ ದೂಳು ಒರೆಸಿ, ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ; ‘ರೇಡಿಯಲ್’ ಎಂಬ ಪದ ಸಾಮಾನ್ಯವಾಗಿ ಅಲ್ಲೇ ಇಡಿಯಾಗಿ ಅಚ್ಚಾಗಿರುತ್ತದೆ.

ಒಂದಕ್ಷರದ ಅರ್ಥ ತಪ್ಪಿದರೆ ಏನಾಯಿತು ಎನ್ನಬಹುದು. ‘ಆರ್ 15ರಿಂದ ಆರ್ 16ಕ್ಕೆ ಹೋದರೆ ಟೈರ್ ಒಂದು ಸೈಜ್ ದೊಡ್ಡದು’ ಎಂಬ ಮಾತು ಹುಟ್ಟುವುದೇ ಈ ತಪ್ಪಿನಿಂದ. ಆ ಸಂಖ್ಯೆ ಟೈರಿನ ಹೊರ ಅಳತೆಯಲ್ಲ, ನಡುವಿನ ತೂತಿನ ಅಳತೆ. ಹೊರ ಅಳತೆ ತಿಳಿಯಬೇಕಾದರೆ ಮೂರೂ ಸಂಖ್ಯೆ ಬೇಕು. 195 ಎಂಬುದು ಮಿಲಿಮೀಟರಿನಲ್ಲಿ ಅಗಲ; 65 ಎಂಬುದು ಮಿಲಿಮೀಟರ್ ಅಲ್ಲ, ಆ ಅಗಲದ ಶೇಕಡಾ 65 ಗೋಡೆಯ ಎತ್ತರ, ಅಂದರೆ 126.75 ಮಿಲಿಮೀಟರ್. ಎರಡು ಗೋಡೆ, ನಡುವೆ 381 ಮಿಲಿಮೀಟರಿನ ರಿಮ್, ಒಟ್ಟು ವ್ಯಾಸ 634.5. ರಿಮ್ಮನ್ನು 16 ಇಂಚಿಗೆ ಏರಿಸಿ 205/55 ಹಾಕಿದರೆ ಒಟ್ಟು 631.9. ಚಕ್ರ ದೊಡ್ಡದಾಗಲೇ ಇಲ್ಲ, ಗೋಡೆ ಗಿಡ್ಡವಾಯಿತು. ಮೊದಲೆರಡು ಸಂಖ್ಯೆಗಳನ್ನು ಹಾಗೇ ಬಿಟ್ಟು 195/65ರಲ್ಲೇ 16 ಇಂಚಿಗೆ ಹೋದರೆ ವ್ಯಾಸ 659.9ಕ್ಕೆ ಏರುತ್ತದೆ, ಶೇಕಡಾ 4ರಷ್ಟು ಹೆಚ್ಚು. ಆಗ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಹುದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಡೆ ಉಜ್ಜಲೂಬಹುದು. ವ್ಯತ್ಯಾಸ ಶೇಕಡಾ 3ರೊಳಗೆ ಇರಲಿ ಎಂಬ ರೂಢಿಯ ಮಾತು ಇದಕ್ಕಾಗಿಯೇ.

ಸೈಜಿನ ನಂತರ ಬರುವ 91 ಎಚ್ ಎಂಬ ಗುರುತನ್ನು ಬಹಳ ಜನ ಓದುವುದೇ ಇಲ್ಲ. 91 ಎಂದರೆ ಆ ಟೈರ್ ಹೊರಬಲ್ಲ ಭಾರ 615 ಕಿಲೋ, ಎಚ್ ಎಂದರೆ ವೇಗದ ಮಿತಿ ಗಂಟೆಗೆ 210 ಕಿಲೋಮೀಟರ್. ಸೈಜ್ ಅಷ್ಟೇ ಹೊಂದಿಸಿ 88ರ ಟೈರ್ ಹಾಕಿಸಿಕೊಂಡರೆ ಹೊರುವ ಶಕ್ತಿ ಚಕ್ರವೊಂದಕ್ಕೆ 560 ಕಿಲೋಗೆ ಇಳಿಯುತ್ತದೆ. ಕಾರಿಗೆ ಎಷ್ಟು ಬೇಕೆಂಬುದು ಅದರ ಕೈಪಿಡಿಯಲ್ಲಿದೆ. ಎಷ್ಟೋ ಕಾರುಗಳಲ್ಲಿ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲೂ ಸಿಗುತ್ತದೆ. ಅಂಗಡಿಗೆ ಹೋಗುವಾಗ ಆ ಸಾಲನ್ನು ಕೊನೆಯ ಅಕ್ಷರದವರೆಗೂ ಬರೆದುಕೊಂಡು ಹೋಗಿ. ಅಲ್ಲಿ ‘ಆರ್ ಎಷ್ಟು’ ಎಂದು ಕೇಳಿದರೆ, ರಿಮ್ 15 ಇಂಚು ಎಂದು ಉತ್ತರಿಸಿ.